ಹಟ್ಟಿಯ ಹೊರಗೆ ಕೂತ ಪಠ್ಯ

ಚಳ್ಳಕೆರೆ ಸೀಮೆಯ ಹಲವು ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದ ಹೆಂಗಸು ಇಂದಿಗೂ ಹಟ್ಟಿಯೊಳಗೆ ಕಾಲಿಡುವಂತಿಲ್ಲ. ಬಾಣಂತಿಗೆ ಹಟ್ಟಿಯಾಚೆ ಗುಡ್ಲು. ಊಟ ತಂದವರು ದೂರದಲ್ಲಿಟ್ಟು ಹಿಂದೆ ಸರಿಯುತ್ತಾರೆ. ಅವಳನ್ನು ಹೊರಗಿಟ್ಟವರು ಯಾರು ಎಂದು ಕೇಳಿನೋಡಿ, ಯಾರೂ ಒಪ್ಪುವುದಿಲ್ಲ. ಅತ್ತೆಯಲ್ಲ, ಗಂಡನಲ್ಲ, ಪೂಜಾರಿಯೂ ಅಲ್ಲ. ದೇವರ ಹಟ್ಟಿ, ಮೈಲಿಗೆ ಆಗಬಾರದು, ಅಷ್ಟೆ. ಅವಳ ಮೇಲೆ ಯಾರಿಗೂ ಸಿಟ್ಟಿಲ್ಲ. ಹೊತ್ತು ಹೊತ್ತಿಗೆ ಊಟ ಹೋಗುತ್ತದೆ, ವಿಚಾರಿಸಿಕೊಳ್ಳುವವರೂ ಇದ್ದಾರೆ. ಒಳಗೆ ಜಾಗವೊಂದು ಮಾತ್ರ ಇಲ್ಲ.

ನಮ್ಮ ವಿಶ್ವವಿದ್ಯಾಲಯಗಳು ಸ್ತ್ರೀವಾದಿ ರಾಜಕೀಯ ಚಿಂತನೆಯನ್ನೂ ಮಹಿಳಾ ಚರಿತ್ರೆಯನ್ನೂ ನಡೆಸಿಕೊಂಡಿರುವುದು ಥೇಟ್ ಹೀಗೇ. ಬೇಡ ಎಂದು ಯಾರೂ ಹೇಳಿಲ್ಲ. ಕೇಂದ್ರ ಎಂಬ ಹೆಸರಿನಲ್ಲಿ ಒಂದು ಕೋಣೆ ಕೊಟ್ಟಿದ್ದಾರೆ, ಬಾಗಿಲಿಗೆ ಫಲಕ ಹಾಕಿದ್ದಾರೆ, ಮಾರ್ಚ್ 8ಕ್ಕೆ ಶಾಮಿಯಾನ ಹಾಕಿ ಊಟ ಹಾಕುತ್ತಾರೆ. ಆದರೆ ರಾಜ್ಯಶಾಸ್ತ್ರದ ಕಡ್ಡಾಯ ಪತ್ರಿಕೆ, ಇತಿಹಾಸದ ಕಡ್ಡಾಯ ಪತ್ರಿಕೆ ಎಂಬ ಹಟ್ಟಿಯೊಳಕ್ಕೆ ಮಾತ್ರ ಬಿಟ್ಟುಕೊಂಡಿಲ್ಲ. ಪಠ್ಯದ ಕೊನೆಯ ಘಟಕದಲ್ಲಿ, ಉದಾರವಾದ, ಸಮಾಜವಾದ, ಗಾಂಧಿವಾದಗಳೆಲ್ಲ ಮುಗಿದು ಸೆಮಿಸ್ಟರ್ ಬಾಗಿಲು ಹಾಕುವ ಹೊತ್ತಿಗೆ, ಎರಡು ಪುಟದ ‘ಸ್ತ್ರೀವಾದ’ ಬರುತ್ತದೆ. ಆ ಘಟಕ ಪರೀಕ್ಷೆಗೆ ‘ಇಂಪಾರ್ಟೆಂಟ್’ ಅಲ್ಲ ಎಂದು ಗೈಡು ಮಾರುವವನೇ ತೀರ್ಪು ಕೊಟ್ಟಿರುತ್ತಾನೆ. ಇದು ಮರೆವಲ್ಲ, ವ್ಯವಸ್ಥೆ. ಇದರ ಹೊಣೆ ವಿಶ್ವವಿದ್ಯಾಲಯಗಳದ್ದು ಎಂದು ನಾವು ಹೇಳುತ್ತಿದ್ದೇವೆ, ಯಾವ ಮುಲಾಜೂ ಇಲ್ಲದೆ.

ಮುಂದೆ ಹೋಗುವ ಮೊದಲು ಒಂದು ಮಾತು. ಗೊಲ್ಲರ ಹಟ್ಟಿಯನ್ನು ತೋರಿಸಿ ಮೂಗು ಮುರಿಯುವ ಹಕ್ಕು ಪೇಟೆಯವರಿಗಿಲ್ಲ. ಮೂರು ದಿನ ‘ಹೊರಗೆ ಕೂರುವ’ ಪದ್ಧತಿ ಅಗ್ರಹಾರಗಳಲ್ಲಿ, ಸಾಹುಕಾರರ ತೊಟ್ಟಿಮನೆಗಳಲ್ಲಿ ನಿನ್ನೆ ಮೊನ್ನೆಯವರೆಗೂ ಇತ್ತು. ಅಲ್ಲಿ ಹಿತ್ತಿಲ ಕೋಣೆಯಿತ್ತು, ಇಲ್ಲಿ ಬಯಲಿದೆ. ಬಡವರ ಮೈಲಿಗೆ ಬೀದಿಯಲ್ಲಿ ಕಾಣುತ್ತದೆ, ಉಳ್ಳವರದು ಗೋಡೆಯೊಳಗೆ ಮುಚ್ಚಿಕೊಳ್ಳುತ್ತದೆ. ಈ ವ್ಯತ್ಯಾಸವನ್ನು ಬಿಡಿಸಿ ನೋಡುವುದಕ್ಕೇ ಒಂದು ಶಾಸ್ತ್ರ ಬೇಕು. ಜಾತಿ, ಆಸ್ತಿ, ಹೆಣ್ಣಿನ ಮೈ ಈ ಮೂರನ್ನೂ ಒಟ್ಟಿಗೆ ಹಿಡಿದು ನೋಡುವ ಶಾಸ್ತ್ರ ಅದು.

ಹಟ್ಟಿಯ ಗುಡ್ಲನ್ನೇ ತೆಗೆದುಕೊಳ್ಳಿ. ಕರ್ನಾಟಕದ 2017ರ ಅಮಾನವೀಯ ದುಷ್ಟ ಪದ್ಧತಿಗಳ ಮತ್ತು ವಾಮಾಚಾರ ತಡೆ ಕಾಯ್ದೆ 2020ರ ಜನವರಿಯಲ್ಲಿ ಜಾರಿಗೆ ಬಂತು. ಮುಟ್ಟಾದ ಅಥವಾ ಗರ್ಭಿಣಿ ಹೆಂಗಸನ್ನು ಬಲವಂತದಿಂದ ಊರಾಚೆ ಇಡುವುದು ಅದರ ಪ್ರಕಾರ ಅಪರಾಧ. ಇನ್ನೊಂದು ಕಡೆ, ಹೊರಗಿರುವ ಹೆಂಗಸರಿಗೆ ಅನುಕೂಲವಾಗಲಿ ಎಂದು ಸರ್ಕಾರದ ದುಡ್ಡಿನಲ್ಲೇ ಹಟ್ಟಿಗಳ ಬಳಿ ಭವನಗಳು ಎದ್ದವು, ಕೃಷ್ಣ ಕುಟೀರ ಎಂಬ ಹೆಸರೂ ಬಂತು. ಒಂದು ಕೈಯಲ್ಲಿ ಸರ್ಕಾರ ಈ ಪದ್ಧತಿ ಅಪರಾಧ ಎನ್ನುತ್ತದೆ, ಇನ್ನೊಂದು ಕೈಯಲ್ಲಿ ಅದಕ್ಕೆ ತಾರಸಿ ಹಾಕಿಸುತ್ತದೆ. 2023ರ ಜುಲೈ ಮಳೆಯಲ್ಲಿ ನೆರೆಯ ತುಮಕೂರು ಜಿಲ್ಲೆಯ ಹಟ್ಟಿಯೊಂದರಾಚೆ ಗುಡಿಸಲಿನಲ್ಲಿದ್ದ ಬಾಣಂತಿಯ ಹಸುಗೂಸು ತೀರಿಕೊಂಡಾಗ ಅಧಿಕಾರಿಗಳು ಓಡಿಬಂದರು, ತಿಳಿವಳಿಕೆ ಹೇಳಿದರು, ಹೋದರು. ಭವನ ಕಟ್ಟಿದ್ದು ಸರಿಯೇ? ಮಳೆಯಲ್ಲಿ ನೆನೆಯುವ ಹೆಣ್ಣಿಗೆ ಇವತ್ತು ಸೂರು ಕೊಡುವುದು ಕರುಣೆಯೋ, ಹೊರಗಿಡುವ ಪದ್ಧತಿಗೆ ಹಾಕಿದ ಮೊಹರೋ? ಕಾನೂನು ಮೇಲಿನಿಂದ ಬಂದು ಹೊಡೆಯಬೇಕೋ, ಹಟ್ಟಿಯ ಹೆಂಗಸರೇ ಹೊಸ್ತಿಲು ದಾಟುವವರೆಗೆ ಕಾಯಬೇಕೋ? ಕಾಯುವಷ್ಟರಲ್ಲಿ ಸಾಯುವ ಕೂಸಿನ ಲೆಕ್ಕ ಯಾರದು? ಪ್ರಭುತ್ವ, ಸಮುದಾಯ, ವ್ಯಕ್ತಿಯ ಹಕ್ಕು ಎಂದು ರಾಜ್ಯಶಾಸ್ತ್ರ ಯಾವುದನ್ನು ಕರೆಯುತ್ತದೋ ಅದರ ತಿರುಳೇ ಇದು. ಈ ಪ್ರಶ್ನೆಗೆ ದೆಹಲಿಯಲ್ಲಿ ಕೂತವರಿಗಿಂತ ಚೆನ್ನಾಗಿ ಉತ್ತರ ಬರೆಯಬಲ್ಲ ಹುಡುಗಿ ಚಳ್ಳಕೆರೆಯ ಸರ್ಕಾರಿ ಪದವಿ ಕಾಲೇಜಿನ ಬೆಂಚಿನ ಮೇಲಿದ್ದಾಳೆ. ಈ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳುತ್ತಿಲ್ಲ. ಕೇಳುತ್ತಿರುವುದು ರೂಸೋನ ಸಾಮಾಜಿಕ ಒಪ್ಪಂದವನ್ನು ವಿವರಿಸಿ ಎಂದು.

ರೂಸೋನನ್ನು ಓದಬೇಡಿ ಎನ್ನುವಷ್ಟು ದಡ್ಡರು ನಾವಲ್ಲ. ಪೂರ್ತಿ ಓದಿಸಿ ಎಂಬುದು ನಮ್ಮ ತಕರಾರು. ಸಾಮಾಜಿಕ ಒಪ್ಪಂದದ ಪುಸ್ತಕ ಬಂದದ್ದು 1762ರಲ್ಲಿ. ಅದೇ ವರ್ಷ, ಅದೇ ಲೇಖನಿಯಿಂದ ‘ಎಮಿಲ್’ ಬಂತು. ಅದರಲ್ಲಿ ಎಮಿಲ್ ಎಂಬ ಹುಡುಗನನ್ನು ಸ್ವತಂತ್ರ ಮನುಷ್ಯನಾಗಿ ಬೆಳೆಸಿದ ರೂಸೋ, ಸೋಫಿ ಎಂಬ ಹುಡುಗಿಯನ್ನು ಅವನಿಗೆ ಒಪ್ಪುವ ಹೆಂಡತಿಯಾಗಿ ಬೆಳೆಸಿದ. ಮೂವತ್ತು ವರ್ಷದ ನಂತರ, 1792ರಲ್ಲಿ, ಮೇರಿ ವುಲ್‌ಸ್ಟನ್‌ಕ್ರಾಫ್ಟ್ ಇದಕ್ಕೆ ಎದುರು ನಿಂತು ಪುಸ್ತಕ ಬರೆದಳು. ನಮ್ಮ ಮಕ್ಕಳಿಗೆ ರೂಸೋ ಹತ್ತು ಅಂಕಕ್ಕೆ ಬರುತ್ತಾನೆ, ವುಲ್‌ಸ್ಟನ್‌ಕ್ರಾಫ್ಟ್ ಬಂದರೆ ಎರಡು ಅಂಕಕ್ಕೆ. ಜಾನ್ ಸ್ಟುವರ್ಟ್ ಮಿಲ್ ಅಂತೂ ಸ್ವಾತಂತ್ರ್ಯದ ಮೇಲೆ ಬರೆದವನಾಗಿ ಮಾತ್ರ ಗೊತ್ತು. 1867ರಲ್ಲಿ ಬ್ರಿಟಿಷ್ ಸಂಸತ್ತಿನಲ್ಲಿ ಮತದಾನದ ಮಸೂದೆಯ ‘ಗಂಡಸು’ ಎಂಬ ಪದ ತೆಗೆದು ‘ವ್ಯಕ್ತಿ’ ಎಂದು ಹಾಕಿ ಎಂದು ತಿದ್ದುಪಡಿ ತಂದು ಸೋತವನು, 1869ರಲ್ಲಿ ಹೆಂಗಸರ ಅಧೀನತೆಯ ಮೇಲೆ ಒಂದು ಪುಸ್ತಕವನ್ನೇ ಬರೆದವನು ಅದೇ ಮಿಲ್. ಪ್ಲೇಟೊ ಕೂಡ ಅರ್ಧವೇ ಬರುತ್ತಾನೆ. ಹೆಂಗಸರೂ ರಾಜ್ಯ ಕಾಯುವವರಾಗಬಹುದು ಎಂದು ‘ರಿಪಬ್ಲಿಕ್’ ಒಪ್ಪುತ್ತದೆ ಎಂಬ ಸಂಗತಿ ಟಿಪ್ಪಣಿ ಪುಸ್ತಕ ತಲುಪುವಷ್ಟರಲ್ಲಿ ಉದುರಿಹೋಗಿರುತ್ತದೆ. ಹೀಗೆ ಕತ್ತರಿಸಿದ ಮೇಲೆ ಉಳಿಯುವುದನ್ನು ‘ರಾಜಕೀಯ ಚಿಂತನೆ’ ಎನ್ನುತ್ತೇವೆ, ಕತ್ತರಿಸಿ ಬಿಸಾಡಿದ್ದನ್ನು ‘ಮಹಿಳಾ ಅಧ್ಯಯನ’ ಎನ್ನುತ್ತೇವೆ.

ಸ್ತ್ರೀವಾದಿ ಚಿಂತಕಿ ಕ್ಯಾರಲ್ ಪೇಟ್‌ಮನ್ 1988ರಲ್ಲಿ ಇಟ್ಟ ವಾದವನ್ನು ನಮ್ಮೂರಿನ ಭಾಷೆಗೆ ತಂದರೆ ಇಷ್ಟು: ಆ ಸಾಮಾಜಿಕ ಒಪ್ಪಂದಕ್ಕೆ ಸಹಿ ಹಾಕಿದವರು ಮನೆಯ ಯಜಮಾನರು. ಮನೆಯೊಳಗಿನ ಹೆಂಗಸಿನ ಮೇಲಿನ ಅಧಿಕಾರ ಅದಕ್ಕೂ ಮೊದಲೇ ಇತ್ಯರ್ಥವಾಗಿಹೋಗಿತ್ತು. ಇದನ್ನು ಅರ್ಥಮಾಡಿಸಲು ಇಂಗ್ಲೆಂಡಿಗೆ ಹೋಗಬೇಕಿಲ್ಲ. ತಾಲ್ಲೂಕಿನ ಯಾವುದಾದರೂ ಗ್ರಾಮ ಪಂಚಾಯಿತಿ ಸಭೆಯ ದಿನ ಹೋಗಿ ಬಾಗಿಲ ಬಳಿ ನಿಂತರೆ ಸಾಕು. ಅಧ್ಯಕ್ಷೆ ಹೂ ಮುಡಿದು ಕುರ್ಚಿಯಲ್ಲಿ ಕೂತಿರುತ್ತಾಳೆ, ‘ಅಧ್ಯಕ್ಷರ ಗಂಡ’ ಎಂಬ, ಯಾವ ಕಾಯ್ದೆಯಲ್ಲೂ ಇಲ್ಲದ ಹುದ್ದೆಯವನು ಪಿಡಿಒ ಜೊತೆ ಬಿಲ್ಲಿನ ಮಾತಾಡುತ್ತಿರುತ್ತಾನೆ. ಎಲ್ಲ ಕಡೆಯೂ ಹೀಗೇ ಎಂದರೆ ಸುಳ್ಳಾಗುತ್ತದೆ. ಗಂಡನನ್ನು ಹೊರಗೆ ಕೂರಿಸಿ ಬೀದಿದೀಪದಿಂದ ಹಿಡಿದು ಶೌಚಾಲಯದವರೆಗೆ ಲೆಕ್ಕ ಕೇಳಿದ ಅಧ್ಯಕ್ಷೆಯರು ಈ ಸೀಮೆಯಲ್ಲೂ ಇದ್ದಾರೆ. ಇಬ್ಬರ ನಡುವಿನ ಅಂತರ ಎಲ್ಲಿಂದ ಬಂತು ಎಂಬುದು ಸಂಶೋಧನೆಗೆ ಯೋಗ್ಯವಾದ ವಿಷಯ.

ಆ ಕುರ್ಚಿ ಬಂದದ್ದಾದರೂ ಎಲ್ಲಿಂದ? 1983ರ ಕರ್ನಾಟಕದ ಪಂಚಾಯತ್ ಕಾಯ್ದೆ, ಸಚಿವ ಅಬ್ದುಲ್ ನಜೀರ್ ಸಾಬ್ ಅವರ ಕಾಲದ್ದು, ಹೆಂಗಸರಿಗೆ ಶೇ 25 ಸ್ಥಾನ ಮೀಸಲಿಟ್ಟಿತು. 1987ರ ಚುನಾವಣೆಯಲ್ಲಿ ಸಾವಿರಗಟ್ಟಲೆ ಹೆಂಗಸರು ಮಂಡಲ ಪಂಚಾಯಿತಿಗಳಿಗೆ ಬಂದರು. ದೇಶದ ಸಂವಿಧಾನಕ್ಕೆ 73ನೇ ತಿದ್ದುಪಡಿ ಬರುವುದಕ್ಕೆ ಆರು ವರ್ಷ ಮೊದಲೇ. ಮುಂದೆ ಅದು ಮೂರನೇ ಒಂದಾಯಿತು, 2010ರಲ್ಲಿ ಶೇ 50. ವಿಧಾನಸಭೆ, ಸಂಸತ್ತಿನ ಮೀಸಲಾತಿಗೆ 2023ರಲ್ಲಿ 106ನೇ ತಿದ್ದುಪಡಿಯಾದರೂ, ಜನಗಣತಿ, ಕ್ಷೇತ್ರ ಮರುವಿಂಗಡಣೆ ಎಂದು ಕಟ್ಟಿಹಾಕಿದ ಹಗ್ಗ ಉದ್ದವಾಗಿದೆ. ಪ್ರಾತಿನಿಧ್ಯ ಎಂದರೇನು, ಹಾಜರಿ ಹಾಕುವುದೋ ಅಧಿಕಾರ ನಡೆಸುವುದೋ ಎಂಬ ವಿಷಯಕ್ಕೆ ಮೂವತ್ತೈದು ವರ್ಷಕ್ಕೂ ಮಿಕ್ಕ ನಮ್ಮದೇ ದಾಖಲೆ ಇದೆ. ಜಗತ್ತಿನ ವಿದ್ವಾಂಸರು ಬಂದು ಓದಿಕೊಂಡು ಹೋದ ಕರ್ನಾಟಕದ ಅನುಭವ ಇದು. ನಮ್ಮ ಪದವಿ ಮಕ್ಕಳಿಗೆ ಇದು ಪಂಚಾಯತ್ ರಾಜ್ ಪಾಠದ ಒಂದು ಅಂಶ, ‘ಮಹಿಳೆಯರಿಗೆ ಮೀಸಲಾತಿ ನೀಡಲಾಗಿದೆ’ ಎಂಬ ಒಂದು ಸಾಲು. ನೀಡಲಾಗಿದೆಯಂತೆ! ನೀಡಿದವರು ಯಾರು, ಕೇಳಿದವರು ಯಾರು, ತಡೆದವರು ಯಾರು ಎಂಬುದನ್ನೆಲ್ಲ ಆ ಕರ್ಮಣಿ ಪ್ರಯೋಗ ನುಂಗಿಬಿಟ್ಟಿದೆ.

ಹೀಗೆ ನುಂಗಿಹಾಕಿದ್ದು ಇನ್ನೂ ಇದೆ. ಮೈಸೂರು ಸಂಸ್ಥಾನ 1909ರಲ್ಲೇ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿ ಸೇವೆಯನ್ನು ನಿಲ್ಲಿಸಿತು. ಆ ಆದೇಶ ಹೆಂಗಸರಿಗೆ ಬಿಡುಗಡೆ ತಂದಿತೋ, ಅವರ ಕಲೆಯನ್ನೂ ಜೀವನೋಪಾಯವನ್ನೂ ಕಿತ್ತುಕೊಂಡಿತೋ ಎಂಬ ಪ್ರಶ್ನೆಯನ್ನು ಇತಿಹಾಸಕಾರ್ತಿ ಜಾನಕಿ ನಾಯರ್ ಎತ್ತಿದರು. ಬಸವಿ ಬಿಡುವ ಪದ್ಧತಿಯ ನೆನಪು ಇನ್ನೂ ಆರದ ಈ ಸೀಮೆಯಲ್ಲಿ ಅದು ಪುಸ್ತಕದ ಬದನೆಕಾಯಿ ಅಲ್ಲ. ರಾಜ್ಯದ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆಗೆ 1982ರವರೆಗೆ ಕಾಯಬೇಕಾಯಿತು. 1920ರ ದಶಕದಲ್ಲೇ ಮೈಸೂರು ಹೆಂಗಸರಿಗೆ ಮತ ಕೊಟ್ಟಿತು, ಆದರೆ ಆಸ್ತಿಯ ಅರ್ಹತೆಯಿರುವವರಿಗೆ ಮಾತ್ರ. ಅಂದರೆ ಹೊಲದಲ್ಲಿ ಕಳೆ ಕೀಳುವವಳಿಗಲ್ಲ, ಹೊಲದ ಒಡತಿಗೆ. 1926ರಲ್ಲಿ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ಮದ್ರಾಸ್ ಶಾಸನಸಭೆಗೆ ನಿಂತು ಕೂದಲೆಳೆಯಲ್ಲಿ ಸೋತರು. 1933ರಲ್ಲಿ ಮೈಸೂರು ಹಿಂದೂ ಕಾನೂನು ಮಹಿಳಾ ಹಕ್ಕುಗಳ ಕಾಯ್ದೆ ತಂದಿತು. 1994ರಲ್ಲಿ ಕರ್ನಾಟಕ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಎಂದಿತು. ಕೇಂದ್ರ ಅಲ್ಲಿಗೆ ಬಂದದ್ದು 2005ಕ್ಕೆ, ಅನುಮಾನಗಳನ್ನೆಲ್ಲ ಸುಪ್ರೀಂ ಕೋರ್ಟು ಪರಿಹರಿಸಿದ್ದು 2020ಕ್ಕೆ. ಇಷ್ಟಾದರೂ ಚಳ್ಳಕೆರೆಯ ಉಪನೋಂದಣಿ ಕಚೇರಿಯ ಮುಂದಿನ ಬೆಂಚಿನಲ್ಲಿ ಅಣ್ಣತಮ್ಮಂದಿರಿಗೆ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಲು ಬಂದ ಅಕ್ಕತಂಗಿಯರು ಕೂತಿರುತ್ತಾರೆ. ತವರಿನ ಬಾಗಿಲು ಮುಚ್ಚದಿರಲಿ ಎಂದು ಸಹಿ ಹಾಕುತ್ತಾರೆ. ಕಾನೂನು ಕೊಟ್ಟದ್ದನ್ನು ಪ್ರೀತಿ ವಾಪಸು ಪಡೆಯುವ ಈ ವ್ಯವಹಾರಕ್ಕೆ ಏನು ಹೆಸರು? ಸಮ್ಮತಿ ಎಂದೇ? ಸಮ್ಮತಿಯ ಬಗ್ಗೆ ಲಾಕ್ ಏನು ಹೇಳಿದ ಎಂದು ಹತ್ತು ಅಂಕಕ್ಕೆ ಬರೆದುಬಂದ ಹುಡುಗಿಯೇ ನಾಲ್ಕು ವರ್ಷದ ನಂತರ ಈ ಬೆಂಚಿನಲ್ಲಿ ಕೂತಿರುತ್ತಾಳೆ.

1909, 1926, 1933, 1983, 1994. ಬರೀ ಈ ಐದು ಇಸವಿ ಇಟ್ಟುಕೊಂಡು ಒಂದು ಪೂರ್ಣ ಸೆಮಿಸ್ಟರಿನ ಪಾಠ ಮಾಡಬಹುದು. ಅಮೆರಿಕದಿಂದ ಏನನ್ನೂ ತರಿಸಬೇಕಿಲ್ಲ. ‘ಸ್ತ್ರೀವಾದ ಪಾಶ್ಚಾತ್ಯರ ಸರಕು’ ಎನ್ನುವವರಿಗೆ ಇದಕ್ಕಿಂತ ಹೆಚ್ಚಿನ ಉತ್ತರ ಬೇಕಿಲ್ಲ. ಪ್ಲೇಟೊ ಹಿರಿಯೂರಿನವನೇ ಎಂದು ಕೇಳಿ ಮುಂದಕ್ಕೆ ಹೋಗಬಹುದು.

ಅಂಬೇಡ್ಕರ್ ವಿಷಯದಲ್ಲಿ ನಡೆದಿರುವ ವಂಚನೆ ಇನ್ನೂ ದೊಡ್ಡದು. 1916ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಸೆಮಿನಾರಿನಲ್ಲಿ ಓದಿದ ಪ್ರಬಂಧದಲ್ಲಿ ಆ ಇಪ್ಪತ್ತೈದರ ತರುಣ ಹೇಳಿದ್ದೇನು? ಜಾತಿ ನಿಂತಿರುವುದು ಒಳಮದುವೆಯ ಮೇಲೆ, ಒಳಮದುವೆ ನಿಂತಿರುವುದು ಹೆಣ್ಣಿನ ಮೇಲಿನ ಹಿಡಿತದ ಮೇಲೆ. ಸತಿ, ವಿಧವೆಗೆ ಮರುಮದುವೆಯಿಲ್ಲವೆಂಬ ಕಟ್ಟು, ಬಾಲ್ಯವಿವಾಹ ಇವೆಲ್ಲ ಜಾತಿಯ ಬೇಲಿಯ ಗೂಟಗಳು. 1951ರಲ್ಲಿ ಹಿಂದೂ ಸಂಹಿತೆ ಮಸೂದೆ ನೆನೆಗುದಿಗೆ ಬಿದ್ದಾಗ ಅವರು ಮಂತ್ರಿ ಪದವಿಯನ್ನೇ ಬಿಟ್ಟುಬಂದರು. ಅವರ ಬರಹಗಳನ್ನು ಸರ್ಕಾರವೇ ಕನ್ನಡಕ್ಕೆ ತರಿಸಿದೆ, ಕಾಲೇಜುಗಳ ಕಪಾಟಿನಲ್ಲಿ ಸಂಪುಟಗಳಿವೆ. ಆದರೂ ‘ಅಂಬೇಡ್ಕರರ ರಾಜಕೀಯ ವಿಚಾರಗಳು’ ಎಂಬ ಪಾಠದಲ್ಲಿ ಸಂವಿಧಾನ ಇರುತ್ತದೆ, ಮೀಸಲಾತಿ ಇರುತ್ತದೆ, ಹೆಣ್ಣಿನ ಮಾತು ಕೊನೆಯಲ್ಲಿ ‘ಮಹಿಳೆಯರ ಬಗ್ಗೆಯೂ ಕಾಳಜಿ ಹೊಂದಿದ್ದರು’ ಎಂದು ಮುಗಿಯುತ್ತದೆ. ಚಳ್ಳಕೆರೆ, ಮೊಳಕಾಲ್ಮುರು ಎರಡೂ ಪರಿಶಿಷ್ಟ ಪಂಗಡದ ಮೀಸಲು ಕ್ಷೇತ್ರಗಳು. ನಾಯಕರು, ಕಾಡುಗೊಲ್ಲರು, ದಲಿತರು ತುಂಬಿದ ಈ ನೆಲದಲ್ಲಿ ಜಾತಿಯನ್ನು ಬಿಟ್ಟು ಹೆಣ್ಣಿನ ಮಾತಾಡಿದರೆ ಅದು ಪೇಟೆಯ ಹರಟೆಯಾಗುತ್ತದೆ. ಹೆಣ್ಣನ್ನು ಬಿಟ್ಟು ಜಾತಿಯ ಮಾತಾಡಿದರೆ ಅಂಬೇಡ್ಕರರ ಆ ಪ್ರಬಂಧವನ್ನೇ ಓದಿಲ್ಲವೆಂದು ಅರ್ಥ.

ಇತಿಹಾಸ ವಿಭಾಗದ ಕಡೆಗೆ ಬರೋಣ. ಮೊಳಕಾಲ್ಮುರು ತಾಲ್ಲೂಕಿನ ಹುಡುಗರಿಗೆ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂದು ಹೇಳುತ್ತಾರೆ. 1892ರಲ್ಲಿ ಬಿ.ಎಲ್. ರೈಸ್ ಕಂಡುಹಿಡಿದ ಅಶೋಕನ ಶಾಸನಗಳು, ‘ಇಸಿಲ’ದ ಮಹಾಮಾತ್ರರಿಗೆ ಬಂದ ಆಜ್ಞೆ, 1947ರ ವೀಲರ್ ಉತ್ಖನನ, ಎಲ್ಲವೂ ಕಂಠಪಾಠ. ಸ್ಪರ್ಧಾತ್ಮಕ ಪರೀಕ್ಷೆಗೆ ಬರುತ್ತದಲ್ಲ! ಅದೇ ಅಶೋಕ ತನ್ನ ಒಂಬತ್ತನೇ ಬಂಡೆಶಾಸನದಲ್ಲಿ ಹೆಂಗಸರು ಮಾಡುವ ಆಚರಣೆಗಳು ಕ್ಷುಲ್ಲಕ ಎಂದು ಮೂದಲಿಸಿದ್ದು, ಹನ್ನೆರಡನೆಯದರಲ್ಲಿ ಹೆಂಗಸರ ಮೇಲ್ವಿಚಾರಣೆಗೆಂದೇ ಇದ್ದ ಮಹಾಮಾತ್ರರನ್ನು ಹೆಸರಿಸಿದ್ದು ಯಾರಿಗೂ ಹೇಳಿಕೊಟ್ಟಿಲ್ಲ. ಎರಡೂಕಾಲು ಸಾವಿರ ವರ್ಷದ ಹಿಂದೆಯೇ ರಾಜ್ಯಕ್ಕೆ ಹೆಂಗಸರ ಮೇಲೆ ಅಧಿಕಾರಿಗಳು ಬೇಕಾದರು. ಏಕೆ? ಇಷ್ಟೇ ಇಷ್ಟು ಪ್ರಶ್ನೆ ಸಾಕಿತ್ತು, ಬ್ರಹ್ಮಗಿರಿಯ ಕಲ್ಲು ಕಂಠಪಾಠದಿಂದ ಬಿಡಿಸಿಕೊಂಡು ಮಾತಾಡುತ್ತಿತ್ತು.

ಒನಕೆ ಓಬವ್ವನ ಕತೆಯೂ ಹಾಗೆಯೇ ಆಗಿದೆ. 2021ರಿಂದ ನವೆಂಬರ್ 11ಕ್ಕೆ ಸರ್ಕಾರಿ ಜಯಂತಿ, ಜಿಲ್ಲಾ ಕೇಂದ್ರದಲ್ಲಿ ಅವಳ ಹೆಸರಿನ ಕ್ರೀಡಾಂಗಣ. ಒಳ್ಳೆಯದೇ. ಆದರೆ ಕೋಟೆ ಕಾಯುವ ಕೆಲಸ ಗಂಡನ ಹೆಸರಿನಲ್ಲಿದ್ದಾಗ, ಅವನು ಊಟಕ್ಕೆ ಹೋದ ಹೊತ್ತಿನಲ್ಲಿ ಆ ಕೆಲಸ ಮಾಡಿದವಳು ಓಬವ್ವ. ಕೈಗೆ ಸಿಕ್ಕ ಆಯುಧ ಅಡುಗೆಮನೆಯ ಒನಕೆ. ಈ ಕತೆಯನ್ನು ಶೌರ್ಯ ಎಂಬ ಒಂದು ಪದದಲ್ಲಿ ಮುಗಿಸುವುದು ಸುಲಭ. ದುಡಿಮೆ ಯಾರದು, ಹುದ್ದೆ ಯಾರದು, ಮನೆಯ ಹೊಸ್ತಿಲೆಲ್ಲಿ, ರಾಜ್ಯದ ಹೊಸ್ತಿಲೆಲ್ಲಿ ಎಂದು ಕೇಳುವುದು ಕಷ್ಟ. ಜಯಂತಿ ಭಾಷಣದಲ್ಲಿ ಅದನ್ನು ಕೇಳಲಾಗದಿದ್ದರೆ ಬೇಡ, ಎಂ.ಎ. ತರಗತಿಯಲ್ಲಾದರೂ ಕೇಳಬೇಡವೇ?

ದುಡಿಮೆಯ ಮಾತು ಬಂದದ್ದರಿಂದ ಹೇಳುತ್ತೇವೆ. ಚಳ್ಳಕೆರೆ ಎಣ್ಣೆ ಮಿಲ್ಲುಗಳ ಊರು. ಆ ಎಣ್ಣೆಯ ಹಿಂದಿನ ಶೇಂಗಾ ಕೀಳುವ, ಬಿಡಿಸುವ ಹೊಲಗಳಲ್ಲಿ ಗಂಡಾಳಿಗೆ ಒಂದು ಕೂಲಿ, ಹೆಣ್ಣಾಳಿಗೆ ಒಂದು ಕೂಲಿ ಎಂಬುದು ಯಾರಿಗೂ ಹೊಸ ಸುದ್ದಿಯಲ್ಲ. ಸಮಾನ ವೇತನದ ಕಾಯ್ದೆ ಬಂದದ್ದು 1976ರಲ್ಲೇ. ಮೊಳಕಾಲ್ಮುರು ರೇಷ್ಮೆ ಸೀರೆಗೆ ಭೌಗೋಳಿಕ ಸೂಚಿಕೆಯ ಗೌರವ ಇದೆ. ನೇಕಾರ ಎಂದರೆ ಮಗ್ಗದಲ್ಲಿ ಕೂತವನು. ಕಂಡಿಕೆ ಸುತ್ತಿದವಳು, ಹರಿದ ಎಳೆ ಹುರಿಮಾಡಿ ಜೋಡಿಸಿದವಳು ಲೆಕ್ಕದಲ್ಲಿ ‘ಮನೆಯವರು’. ಸೀರೆಯ ಬೆಲೆಯಲ್ಲಿ ಅವಳ ದಿನಗಳು ಎಲ್ಲಿವೆ? ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಕೊಡುವ ಗೃಹಲಕ್ಷ್ಮಿಯನ್ನು ಸರ್ಕಾರ ಕೊಡುಗೆ ಎಂದಿತು, ವಿರೋಧಿಗಳು ಬಿಟ್ಟಿ ಭಾಗ್ಯ ಎಂದರು. ಮನೆಗೆಲಸ ದುಡಿಮೆಯೇ, ಅದಕ್ಕೆ ಕೂಲಿಯಿದೆಯೇ ಎಂದು ಸ್ತ್ರೀವಾದಿಗಳು ಐವತ್ತು ವರ್ಷದಿಂದ ವಾದಿಸಿದ್ದು ಇಬ್ಬರಿಗೂ ಗೊತ್ತಿಲ್ಲ. ರಾಜಕಾರಣಿಗಳಿಗೆ ಗೊತ್ತಿಲ್ಲದಿದ್ದರೆ ಕ್ಷಮಿಸಬಹುದು. ರಾಜ್ಯಶಾಸ್ತ್ರದ ಪದವೀಧರನಿಗೂ ಗೊತ್ತಿಲ್ಲವೆಂದರೆ ಆ ಪದವಿಗೆ ಮುದ್ರೆ ಒತ್ತಿದವರನ್ನು ಕೇಳಬೇಕಾಗುತ್ತದೆ.

ಈಗ ಎರಡು ಊರುಗಳ ಮಾತು. ಎರಡೂ ಚಳ್ಳಕೆರೆ ತಾಲ್ಲೂಕಿನವೇ. ಒಂದು ತಳಕು. ಮೈಸೂರು ವಿಶ್ವವಿದ್ಯಾಲಯದ ಮೊದಲ ಕನ್ನಡ ಪ್ರಾಧ್ಯಾಪಕ ಟಿ.ಎಸ್. ವೆಂಕಣ್ಣಯ್ಯನವರ ಊರು. ಕುವೆಂಪು ತಮ್ಮ ಮಹಾಕಾವ್ಯವನ್ನು ಅರ್ಪಿಸಿದ್ದು ಈ ಗುರುವಿಗೆ. ಕಾದಂಬರಿಕಾರ ತ.ರಾ.ಸು. ಅದೇ ಮನೆತನದವರು. ಇನ್ನೊಂದು ಯಲಗಟ್ಟೆಯ ಗೊಲ್ಲರಹಟ್ಟಿ, ಸಿರಿಯಜ್ಜಿಯ ಊರು. ಅಕ್ಷರ ಬಾರದ ಸಿರಿಯಜ್ಜಿ ನಾಲಗೆಯ ಮೇಲೆ ಸಾವಿರಾರು ಸಾಲು ಇಟ್ಟುಕೊಂಡಿದ್ದಳು. ಕಾಡುಗೊಲ್ಲರ ದೇವರು, ಹೆಣ್ಣು, ಹೆರಿಗೆ, ಹಟ್ಟಿಯ ಕಟ್ಟುಪಾಡು ಎಲ್ಲ ಅವಳ ಹಾಡಿನಲ್ಲಿ ಬಂದವು. ಜಾನಪದ ವಿದ್ವಾಂಸ ಕೃಷ್ಣಮೂರ್ತಿ ಹನೂರರು ವರ್ಷಗಟ್ಟಲೆ ಕೂತು ಕೇಳಿ ‘ಸಾವಿರದ ಸಿರಿಬೆಳಗು’ ಎಂಬ ಗ್ರಂಥ ತಂದರು. ಅದು ಅವರ ದೊಡ್ಡ ಕೆಲಸ, ಅದರ ಮೇಲೆ ನಮ್ಮದೇನೂ ದೂರಿಲ್ಲ. ದೂರಿರುವುದು ಆಮೇಲೆ ಆದದ್ದರ ಮೇಲೆ. ಸಿರಿಯಜ್ಜಿ ಜಾನಪದ ವಿಭಾಗಕ್ಕೆ ಹೋದಳು, ಅಲ್ಲೇ ಉಳಿದಳು. ಅವಳನ್ನು ಹಾಡುಗಾರ್ತಿ ಎಂದು ಒಪ್ಪಿದ ವಿಶ್ವವಿದ್ಯಾಲಯ ವಿಚಾರ ಮಾಡುವವಳು ಎಂದು ಒಪ್ಪಲಿಲ್ಲ. ಹಟ್ಟಿಯ ಕಟ್ಟಳೆಯೊಳಗೇ ಬದುಕಿ, ಅದನ್ನೇ ಹಾಡಿ, ಹಾಡಿನಲ್ಲಿ ಹೆಣ್ಣುದೈವಗಳಿಗೆ ಜಾಗ ಮಾಡಿಕೊಟ್ಟ ಒಬ್ಬಳು ಅಧಿಕಾರದ ಬಗ್ಗೆ ಏನು ಅಂದುಕೊಂಡಿದ್ದಳು ಎಂದು ಯಾವ ರಾಜ್ಯಶಾಸ್ತ್ರ ವಿಭಾಗವೂ ಕೇಳಹೋಗಲಿಲ್ಲ. ತಳಕಿನವರು ಪ್ರಾಧ್ಯಾಪಕರಾದರು, ಯಲಗಟ್ಟೆಯವಳು ‘ವಕ್ತೃ’ ಆದಳು. ಸಂಶೋಧನಾ ಪ್ರಬಂಧಗಳ ಹಿಂಬದಿಯಲ್ಲಿ ‘ವಕ್ತೃಗಳ ವಿವರ’ ಎಂಬ ಅನುಬಂಧ ಇರುತ್ತದೆ. ಹೆಸರು, ವಯಸ್ಸು, ಜಾತಿ, ಊರು. ಈ ಸೀಮೆಯ ಹೆಂಗಸರಿಗೆ ವಿಶ್ವವಿದ್ಯಾಲಯದಲ್ಲಿ ಸಿಕ್ಕ ಕಾಯಂ ವಿಳಾಸ ಅದೊಂದೇ.

ಮಹಿಳಾ ಅಧ್ಯಯನ ಎಂಬ ಕ್ಷೇತ್ರವನ್ನು ಕಟ್ಟಿದವರು ಇಂಥ ಗುಡ್ಲನ್ನು ಬಯಸಿರಲಿಲ್ಲ. ಭಾರತದ ಮಹಿಳೆಯರ ಸ್ಥಿತಿಗತಿ ಸಮಿತಿ 1974ರಲ್ಲಿ ‘ಸಮಾನತೆಯೆಡೆಗೆ’ ಎಂಬ ವರದಿ ಕೊಟ್ಟಿತು. ಸಮಿತಿಯ ಸದಸ್ಯ ಕಾರ್ಯದರ್ಶಿ ವೀಣಾ ಮಜುಂದಾರ್ ಮತ್ತು ಅವರ ಜೊತೆಗಾರರು ಹೇಳುತ್ತ ಬಂದದ್ದು ಒಂದೇ ಮಾತು: ಇದು ಇನ್ನೊಂದು ಹೊಸ ವಿಷಯವಾಗಬಾರದು, ಇರುವ ಎಲ್ಲ ವಿಷಯಗಳನ್ನೂ ಪ್ರಶ್ನಿಸುವ ಸಾಧನವಾಗಬೇಕು. 1986ರ ರಾಷ್ಟ್ರೀಯ ಶಿಕ್ಷಣ ನೀತಿ ಮಹಿಳಾ ಅಧ್ಯಯನಕ್ಕೆ ಬೆಂಬಲ ಘೋಷಿಸಿತು, ಯುಜಿಸಿ ಕೇಂದ್ರಗಳಿಗೆ ಹಣ ಕೊಟ್ಟಿತು. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ವಿಭಾಗ ಬಂತು, ವಿಜಯಪುರದಲ್ಲಿ 2003ರಲ್ಲಿ ಮಹಿಳಾ ವಿಶ್ವವಿದ್ಯಾಲಯವೇ ಬಂತು, ಈಗ ಅದಕ್ಕೆ ಅಕ್ಕಮಹಾದೇವಿಯ ಹೆಸರಿದೆ. ಇವು ಸಣ್ಣ ಕೆಲಸಗಳಲ್ಲ. ಆದರೆ ಉಳಿದ ವಿಭಾಗಗಳು ಇದನ್ನೇ ನೆಪ ಮಾಡಿಕೊಂಡವು. ‘ಅದಕ್ಕೆ ಬೇರೆ ಕೇಂದ್ರ ಇದೆಯಲ್ಲ’ ಎಂದವು. ಕೃಷ್ಣ ಕುಟೀರ ಕಟ್ಟಿಸಿಕೊಟ್ಟ ಮೇಲೆ ಮನೆಯೊಳಕ್ಕೆ ಯಾಕೆ ಕರೆಯಬೇಕು ಎಂದ ಹಾಗೆ.

ಅವಕಾಶ ಬರಲಿಲ್ಲವೆಂದು ಹೇಳುವಂತಿಲ್ಲ. ರಾಷ್ಟ್ರೀಯ ಶಿಕ್ಷಣ ನೀತಿಯೆಂದು 2021ರಲ್ಲಿ ಪದವಿ ಪಠ್ಯವನ್ನೆಲ್ಲ ಮಗುಚಿ ಹಾಕಿದರು. 2024ರಲ್ಲಿ ಅದನ್ನು ಕೈಬಿಟ್ಟು ಮತ್ತೆ ಮೂರು ವರ್ಷದ ಪದವಿಗೆ ಮರಳಿದರು. ಮೂರೇ ವರ್ಷದಲ್ಲಿ ಎರಡು ಬಾರಿ ಅಧ್ಯಯನ ಮಂಡಳಿಗಳು ಕೂತವು, ಎರಡು ಬಾರಿ ಹಳೆಯ ಪಟ್ಟಿ ಒಡೆದು ಹೊಸ ಪಟ್ಟಿ ಮಾಡುವ ಅಧಿಕಾರ ಅವರ ಕೈಲಿತ್ತು. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರು ಎಂಬ ಗಾದೆಯನ್ನು ಎಣ್ಣೆಯೂರಿನಲ್ಲಿ ಕೂತು ಬರೆಯುವ ಭಾಗ್ಯ ನಮ್ಮದಾಗಿದೆ.

ಚಿತ್ರದುರ್ಗ ಜಿಲ್ಲೆಯ ಕಾಲೇಜುಗಳು 2009ರಲ್ಲಿ ಹುಟ್ಟಿದ ದಾವಣಗೆರೆ ವಿಶ್ವವಿದ್ಯಾಲಯಕ್ಕೆ ಸೇರಿವೆ, ಅದರ ಸ್ನಾತಕೋತ್ತರ ಕೇಂದ್ರ ಚಿತ್ರದುರ್ಗದ ಬಳಿ ಜಿ.ಆರ್. ಹಳ್ಳಿಯಲ್ಲಿದೆ. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತ. ಪರಶುರಾಂಪುರದಿಂದಲೋ ನಾಯಕನಹಟ್ಟಿಯಿಂದಲೋ ಹುಡುಗಿ ದುಡ್ಡಿಲ್ಲದೆ ಕಾಲೇಜಿಗೆ ಬರಬಲ್ಲಳು. ಕಲಾ ವಿಭಾಗದಲ್ಲಿ ಹುಡುಗಿಯರ ಬೆಂಚುಗಳೇ ತುಂಬಿರುತ್ತವೆ. ಅವರೆದುರು ನಿಂತು ಪಾಠ ಮಾಡುವವರು ಬಹುಪಾಲು ಅತಿಥಿ ಉಪನ್ಯಾಸಕರು. ರಾಜ್ಯದಲ್ಲಿ ಅವರ ಸಂಖ್ಯೆ 10,000 ಮೀರುತ್ತದೆ. ವರ್ಷ ವರ್ಷವೂ ಕೆಲಸ ಉಳಿಯುವುದೋ ಇಲ್ಲವೋ ಎಂದು ಕಾಯುವವರಿಗೆ ಹೊಸ ಓದಿನ ಹುಮ್ಮಸ್ಸು ಎಲ್ಲಿಂದ ಬರಬೇಕು? ಅವರನ್ನು ದೂರುವುದು ತಪ್ಪಾಗುತ್ತದೆ. ಪಠ್ಯ ಮಾಡುವವರು, ಹುದ್ದೆ ತುಂಬದವರು ಬೇರೆ ಇದ್ದಾರೆ.

ಚಳ್ಳಕೆರೆ ತಾಲ್ಲೂಕಿನ ಅಮೃತಮಹಲ್ ಕಾವಲಿನಲ್ಲಿ ಸುಮಾರು 10,000 ಎಕರೆಯನ್ನು ದೇಶದ ದೊಡ್ಡ ದೊಡ್ಡ ವಿಜ್ಞಾನ ಸಂಸ್ಥೆಗಳಿಗೆ ಕೊಡಲಾಯಿತು. ಭಾರತೀಯ ವಿಜ್ಞಾನ ಸಂಸ್ಥೆಗೆ ಕುದಾಪುರದಲ್ಲಿ 1,500 ಎಕರೆ. ಕಾವಲಿಗೆ ಬೇಲಿ ಬಿದ್ದಾಗ ಕುರಿ ಮೇಯಿಸುವವರು ಹಸಿರು ನ್ಯಾಯಮಂಡಳಿಯವರೆಗೂ ಹೋದರು. ಸೌದೆ, ಮೇವು, ಉಣ್ಣೆ ಎಂದು ಆ ಕಾವಲಿನ ಜೊತೆ ದಿನವೂ ಬದುಕಿದ ಹೆಂಗಸರಿಗೆ ಆದ ನಷ್ಟವನ್ನು ಯಾವ ತಕ್ಕಡಿಯಲ್ಲಿ ತೂಗುವುದು ಎಂಬುದೂ ರಾಜಕೀಯ ಸಿದ್ಧಾಂತದ ಪ್ರಶ್ನೆಯೇ. ಕುದಾಪುರದಲ್ಲಿ ಶಾಲಾ ಕಾಲೇಜು ಉಪನ್ಯಾಸಕರಿಗೆ ವಿಜ್ಞಾನ ಗಣಿತದ ತರಬೇತಿ ನಡೆಯುತ್ತದೆ, ಚೆನ್ನಾಗಿಯೇ ನಡೆಯುತ್ತದೆ. 1933ರಲ್ಲಿ ಕಮಲಾ ಭಾಗವತ್ ಎಂಬ ಹುಡುಗಿಗೆ ಅದೇ ವಿಜ್ಞಾನ ಸಂಸ್ಥೆಯ ನಿರ್ದೇಶಕ ಸಿ.ವಿ. ರಾಮನ್ ಹೆಣ್ಣೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸಿ, ಆಕೆ ಹಟ ಹಿಡಿದು ಕೂತ ಮೇಲೆ ಷರತ್ತು ಹಾಕಿ ಒಳಗೆ ಬಿಟ್ಟದ್ದನ್ನು ಅಲ್ಲಿ ಪಾಠ ಮಾಡುತ್ತಾರೋ ಇಲ್ಲವೋ, ಇತಿಹಾಸ ತರಗತಿಯಲ್ಲಿ ಮಾಡಬಹುದಲ್ಲ. ಸಾವಿರ ಸಾವಿರ ಎಕರೆ ಅಳೆದು ಕೊಟ್ಟ ಸರ್ಕಾರದಿಂದ ನಾವು ಒಂದು ಗುಂಟೆಯನ್ನೂ ಕೇಳುತ್ತಿಲ್ಲ. ಕೇಳುತ್ತಿರುವುದು ಪಠ್ಯದಲ್ಲಿ ಜಾಗ.

‘ಇದರಿಂದ ಕೆಲಸ ಸಿಗುತ್ತದೆಯೇ?’ ಅಪ್ಪ ಅವ್ವ ಈ ಪ್ರಶ್ನೆ ಕೇಳಿದರೆ ನಾವು ತಲೆಬಾಗುತ್ತೇವೆ. ಮಳೆ ಕೈಕೊಡುವ ಸೀಮೆಯಲ್ಲಿ ಮಗಳನ್ನು ಓದಿಸುವವರಿಗೆ ಅದನ್ನು ಕೇಳುವ ಹಕ್ಕಿದೆ. ಕುಲಪತಿಗಳೂ ಕುಲಸಚಿವರೂ ಅವರ ಬೆನ್ನ ಹಿಂದೆ ಅಡಗಿ ಅದನ್ನೇ ಕೇಳಿದರೆ ಒಪ್ಪುವುದಿಲ್ಲ. ಬೇರೆ ಪದವಿ ಬೇಡ ಎಂದೇ ನಾವು ಹೇಳುತ್ತಿರುವುದು. ರಾಜ್ಯಶಾಸ್ತ್ರ ಓದಿದ ಹುಡುಗಿ ಪಿಡಿಒ ಆಗುತ್ತಾಳೆ, ಗ್ರಾಮ ಆಡಳಿತಾಧಿಕಾರಿ ಆಗುತ್ತಾಳೆ, ಪೊಲೀಸ್ ಆಗುತ್ತಾಳೆ, ವಕೀಲೆಯಾಗುತ್ತಾಳೆ. ಬಾಲ್ಯವಿವಾಹದ ದೂರು, ಹೆಣ್ಣುಮಕ್ಕಳ ಖಾತೆ ಬದಲಾವಣೆ, ಹಟ್ಟಿಯಾಚೆಯ ಗುಡ್ಲು, ಅಧ್ಯಕ್ಷರ ಗಂಡ, ಎಲ್ಲವೂ ಅವಳ ಮೇಜಿಗೇ ಬರುತ್ತವೆ. ಕಾಯ್ದೆಯ ಕಲಂ ಅವಳಿಗೆ ಗೊತ್ತಿರುತ್ತದೆ. ಆ ಕಲಂ ಏಕೆ ಕಾಗದದಲ್ಲೇ ಉಳಿಯುತ್ತದೆ ಎಂದು ಹೇಳಿಕೊಡುವ ವಿದ್ಯೆ ಅವಳಿಗೆ ಸಿಕ್ಕಿರುವುದಿಲ್ಲ.

ಸ್ತ್ರೀವಾದಿ ಪಂಡಿತರಿಗೂ ಒಂದು ಛೀಮಾರಿ ಹಾಕದೆ ಬಿಡುವಂತಿಲ್ಲ. ಅನುವಾದದ ಗಡಸು ಪದಗಳ ಬೇಲಿ ಹಾಕಿಕೊಂಡು, ಒಬ್ಬರಿಗೊಬ್ಬರು ಮಾತ್ರ ತಿಳಿಯುವ ಹಾಗೆ ವಿಚಾರ ಸಂಕಿರಣ ನಡೆಸಿದ್ದೂ ಉಂಟು. ಕನ್ನಡದಲ್ಲಿ ತಿಳಿಯಾಗಿ ಬರೆಯಲಾಗುವುದಿಲ್ಲ ಎಂಬ ಮಾತು ಸುಳ್ಳು. ಸಿಮೋನ್ ದ ಬೋವಾಳ ‘ಸೆಕೆಂಡ್ ಸೆಕ್ಸ್’ ಅನ್ನು ಎಚ್.ಎಸ್. ಶ್ರೀಮತಿ ಕನ್ನಡಕ್ಕೆ ತಂದಿದ್ದಾರೆ. ವಿಜಯಾ ದಬ್ಬೆ ಕನ್ನಡ ಸಾಹಿತ್ಯವನ್ನು ಹೆಣ್ಣಿನ ಕಣ್ಣಿನಿಂದ ಓದುವುದು ಹೇಗೆ ಎಂದು ತೋರಿಸಿಹೋದರು. ಅದಕ್ಕೂ ಹಿಂದೆ ನಂಜನಗೂಡಿನಲ್ಲಿ ಬಾಲವಿಧವೆ ತಿರುಮಲಾಂಬ ತಾವೇ ಬರೆದು, ತಾವೇ ಸಂಪಾದಿಸಿ, ತಾವೇ ಪ್ರಕಟಿಸಿ ಹೆಂಗಸರ ಓದನ್ನು ಕಟ್ಟಿದ್ದರು. ಸಾಮಗ್ರಿಯ ಕೊರತೆ ಎಂಬ ಮಾತನ್ನು ಇನ್ನು ಯಾವ ಅಧ್ಯಯನ ಮಂಡಳಿಯೂ ಆಡಬಾರದು.

ಆದ್ದರಿಂದ ನಮ್ಮ ಬೇಡಿಕೆ ಚಿಕ್ಕದು, ಆದರೆ ಚೌಕಾಸಿಗಿಲ್ಲ. ಹೊಸ ಕೇಂದ್ರ ಬೇಡ, ಹೊಸ ಫಲಕ ಬೇಡ. ರಾಜಕೀಯ ಚಿಂತನೆಯ ಕಡ್ಡಾಯ ಪತ್ರಿಕೆಯಲ್ಲಿ ರೂಸೋ ಬಂದ ಪುಟದಲ್ಲೇ ವುಲ್‌ಸ್ಟನ್‌ಕ್ರಾಫ್ಟ್ ಬರಲಿ, ಅಂಬೇಡ್ಕರರ 1916ರ ಪ್ರಬಂಧ ಮೊದಲ ಪಾಠವಾಗಲಿ. ಕರ್ನಾಟಕ ಇತಿಹಾಸದ ಪತ್ರಿಕೆಯಲ್ಲಿ ಆಸ್ತಿ, ಮತ, ದೇವದಾಸಿ, ಪಂಚಾಯಿತಿ ಈ ನಾಲ್ಕರ ಕತೆ ಹೆಂಗಸರ ಕಡೆಯಿಂದ ಬರಲಿ. ಸಿರಿಯಜ್ಜಿ ಜಾನಪದದ ಕಪಾಟಿನಿಂದ ಇಳಿದು ರಾಜ್ಯಶಾಸ್ತ್ರದ ಮೇಜಿಗೂ ಬರಲಿ. ಐಚ್ಛಿಕ ಎಂಬ ಪದವನ್ನು ಈ ವಿಷಯದ ಮುಂದಿನಿಂದ ತೆಗೆಯಿರಿ. ಐಚ್ಛಿಕ ಎಂದರೆ ಹಟ್ಟಿಯ ಹೊರಗೆ ಎಂದೇ ಅರ್ಥ.

ಇದು ಆಯಿತೋ ಇಲ್ಲವೋ ಎಂದು ತಿಳಿಯಲು ಸುತ್ತೋಲೆ ಓದುವುದಿಲ್ಲ. ಮುಂದಿನ ಸೆಮಿಸ್ಟರಿನ ಪ್ರಶ್ನೆಪತ್ರಿಕೆ ತರಿಸಿ ನೋಡುತ್ತೇವೆ. ಅದರಲ್ಲಿ ಹೀಗೊಂದು ಪ್ರಶ್ನೆ ಇರಬೇಕು: ‘ಹಟ್ಟಿಯಾಚೆ ಹೆಂಗಸರಿಗೆ ಭವನ ಕಟ್ಟಿಸಿಕೊಡುವುದು ಪ್ರಭುತ್ವದ ಕರ್ತವ್ಯವೇ, ಕರ್ತವ್ಯಲೋಪವೇ? ನಿಮ್ಮ ತಾಲ್ಲೂಕಿನ ಉದಾಹರಣೆಯೊಂದಿಗೆ ಚರ್ಚಿಸಿ. (10 ಅಂಕ)’